ಆಗುಂಬೆ–ಶೃಂಗೇರಿ–ಮಾಳ ಸುತ್ತು: ದೊಡ್ಡ ಬೈಕ್ ಬೇಕೇ ಎಂದು ನೋಡಲು ಇದೇ ದಾರಿ

ಕೈಯಲ್ಲಿರುವ 150 ಸಿಸಿ ಗಾಡಿ ಮಾರಿ 350ಕ್ಕೋ 400ಕ್ಕೋ ಹೋಗಬೇಕೆಂದು ಲೆಕ್ಕ ಹಾಕುತ್ತಿರುವ ಮಂಗಳೂರು–ಉಡುಪಿಯವರಿಗೆ ಶೋರೂಮಿನ ಟೆಸ್ಟ್ ರೈಡ್‌ನಿಂದ ಏನೂ ಗೊತ್ತಾಗುವುದಿಲ್ಲ. ಎರಡು ಕಿಲೋಮೀಟರ್ ಸಪಾಟು ರಸ್ತೆ, ಹಿಂದಿನ ಸೀಟು ಖಾಲಿ, ಲಗೇಜಿಲ್ಲ. ಸರಿಯಾದ ಪರೀಕ್ಷೆಗೆ ಬೇಕಾದ ದಾರಿ ನಮ್ಮ ಮನೆ ಬಾಗಿಲಲ್ಲೇ ಉಂಟು: ಮಂಗಳೂರಿನಿಂದ ಉಡುಪಿ, ಹೆಬ್ರಿ, ಸೋಮೇಶ್ವರ, ಆಗುಂಬೆ, ಶೃಂಗೇರಿ, ಅಲ್ಲಿಂದ ಕೆರೆಕಟ್ಟೆ, ಎಸ್.ಕೆ. ಬಾರ್ಡರ್, ಮಾಳ, ಕಾರ್ಕಳ, ಮೂಡಬಿದಿರೆ ದಾಟಿ ವಾಪಸ್. ಒಟ್ಟು ಸುಮಾರು 250 ಕಿ.ಮೀ. ಇದೇ ಸುತ್ತನ್ನು ಹಿಂದೆ ಒಬ್ಬರನ್ನು ಕೂರಿಸಿಕೊಂಡು ಒಮ್ಮೆ 150ರಲ್ಲಿ, ಒಮ್ಮೆ ಬಾಡಿಗೆಯ 350ರಲ್ಲಿ ಮುಗಿಸಿದರೆ ಕಾಣುವುದು ಎಲ್ಲರೂ ಹೇಳುವುದಕ್ಕೆ ತದ್ವಿರುದ್ಧ. ಘಾಟಿ ಏರುವಲ್ಲಿ ದೊಡ್ಡ ಎಂಜಿನ್ನಿನ ಲಾಭ ತೀರ ಕಡಿಮೆ. ಅದರ ಬೆಲೆ ತಿಳಿಯುವುದು ಸಪಾಟು ಹೆದ್ದಾರಿಯಲ್ಲಿ.

ಕಾರಣ ಲೆಕ್ಕದಲ್ಲೇ ಇದೆ. ಗಾಡಿ, ಇಬ್ಬರು ಸವಾರರು, ಬ್ಯಾಗು ಸೇರಿ 300 ಕೆ.ಜಿ. ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹತ್ತಲು ಎಲ್ಲ ಸೇರಿ ಮೂರು ಅಶ್ವಶಕ್ತಿಯ ಆಸುಪಾಸು ಸಾಕು. ಪಲ್ಸರ್ 150ರಲ್ಲಿ 14 ಉಂಟು. ಅದೇ ಗಾಡಿಯನ್ನು ಸಪಾಟಿನಲ್ಲಿ 90ರಲ್ಲಿ ಓಡಿಸಲು ಎಂಟೊಂಬತ್ತು ಅಶ್ವಶಕ್ತಿ ಬೇಕು, ಏಕೆಂದರೆ 60ರಿಂದ 90ಕ್ಕೆ ಹೋದರೆ ಗಾಳಿ ಸೀಳಲು ತಗಲುವ ಶಕ್ತಿ ಮೂರು ಪಟ್ಟಿಗೂ ಮೀರುತ್ತದೆ. ಉಡುಪಿ ದಾರಿಯ ಹೆಜಮಾಡಿ ಆಚೆ ಎದುರುಗಾಳಿಯಲ್ಲಿ ಬಸ್ಸೊಂದನ್ನು ದಾಟಲು ಹೊರಟಾಗ 150ರಲ್ಲಿ ಉಳಿದಿರುವುದು ಸ್ವಲ್ಪವೇ. ಎಕ್ಸಲರೇಟರ್ ಪೂರ್ತಿ ತಿರುಗಿಸಿದರೂ ಬಸ್ಸಿನ ಪಕ್ಕದಲ್ಲೇ ಉಳಿದುಬಿಡುವ ಆ ಹೊತ್ತೇ ಅಪಾಯದ್ದು. ದೊಡ್ಡ ಗಾಡಿ ಬೇಕೆನ್ನಲು ನ್ಯಾಯವಾದ ಕಾರಣ ಇದೊಂದೇ.

ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಬೈಕ್ ನಿಂತುಬಿಡುವುದು ಶಕ್ತಿ ಸಾಲದೆ ಅಲ್ಲ, ಗೇರ್ ತಪ್ಪಿ. ಹತ್ತುವವರಿಗೆ ಎಡತಿರುವು ಕಷ್ಟ: ನಾವು ಎಡಬದಿಯವರಾದ್ದರಿಂದ ಒಳಗಿನ ಅಂಚು ನಮ್ಮ ಪಾಲಿಗೆ ಬರುತ್ತದೆ, ಅಲ್ಲಿ ದೂರ ಕಡಿಮೆ, ಏರು ಕಡಿದು. ತಿರುವಿನ ಮಧ್ಯೆ ಗೇರ್ ಇಳಿಸಲು ಹೋಗಿ ಎಂಜಿನ್ ಆಫ್ ಆದರೆ ಗಾಡಿ ಒಳಬದಿಗೆ ಮಗುಚುತ್ತದೆ. ತಿರುವಿಗೆ ಹತ್ತು ಹದಿನೈದು ಮೀಟರ್ ಮೊದಲೇ ಮೊದಲ ಗೇರಿಗೆ ಇಳಿಸಿ, ಕ್ಲಚ್ ಪೂರ್ತಿ ಬಿಟ್ಟು, ಎಕ್ಸಲರೇಟರ್ ಒಂದೇ ಸಮ ಹಿಡಿದು, ಒಳ ಅಂಚಿನಿಂದ ಒಂದೂವರೆ ಮೀಟರ್ ಹೊರಗೆ ಸಾಗಿ. ಹಾಫ್ ಕ್ಲಚ್‌ನಲ್ಲಿ ಹತ್ತಿಸುವವರ ಕ್ಲಚ್ ಪ್ಲೇಟ್ ಹತ್ತನೇ ತಿರುವಿಗೆ ಬರುವಾಗ ವಾಸನೆ ಬರುತ್ತದೆ. ಇಲ್ಲಿ 350ಕ್ಕೆ ಒಂದು ಅನುಕೂಲವಿದೆ: ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ 27 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) 4,000 ಆರ್‌ಪಿಎಂನಲ್ಲೇ ಸಿಗುವುದರಿಂದ ಪದೇ ಪದೇ ಗೇರ್ ಬದಲಿಸಬೇಕಾಗಿಲ್ಲ. ಆದರೆ ಅದೇ ಗಾಡಿ 195 ಕೆ.ಜಿ., ಪಲ್ಸರ್ 148. ಹೆಚ್ಚುಕಡಿಮೆ ಒಂದು ಸಿಮೆಂಟ್ ಚೀಲದಷ್ಟು ಹೆಚ್ಚುವರಿ ಭಾರ. ಏರಿನ ತಿರುವಿನಲ್ಲಿ ಒಂಟಿ ಕಾಲಿನ ಮೇಲೆ ಅದನ್ನು ಹಿಡಿದು ನಿಲ್ಲಿಸಲು ಆಗುತ್ತದೆಯೇ ಎಂಬುದೇ ಅಲ್ಲಿ ಪ್ರಶ್ನೆ. ಎತ್ತರ ಕಡಿಮೆ ಇರುವವರು ಎರಡೂ ಪಾದ ಪೂರ್ತಿ ನೆಲಕ್ಕೆ ಊರುವ ಗಾಡಿಯನ್ನೇ ನೋಡಿ.

ಹಾಗಾಗಿ ಹೊಸ ಗಾಡಿಯ ಮಾತಿಗಿಂತ ಮೊದಲು ಹಳೆಯದನ್ನು ಸರಿಪಡಿಸಿ ಈ ಸುತ್ತು ಹೋಗಿ. "ಪಿಕಪ್ ಇಲ್ಲ" ಎಂದು ದೂರುವ ಗಾಡಿಗಳಲ್ಲಿ ಎಷ್ಟೋ ಸಲ ದೋಷವಿರುವುದು ಎಂಜಿನ್ನಿನ ಅಳತೆಯಲ್ಲಿ ಅಲ್ಲವೇ ಅಲ್ಲ. ಏರ್ ಫಿಲ್ಟರ್ ಧೂಳು ಹಿಡಿದಿರುತ್ತದೆ, ಹಿಂದಿನ ಬ್ರೇಕ್ ಶೂ ಸದಾ ಉಜ್ಜುತ್ತಿರುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಆ ಉಜ್ಜಾಟ ಗೊತ್ತಾಗುತ್ತದೆ. ಏರಿನಲ್ಲಿ ಆರ್‌ಪಿಎಂ ಮೇಲೆ ಹೋಗಿ ವೇಗ ಮಾತ್ರ ಅಲ್ಲೇ ಉಳಿದರೆ ಕ್ಲಚ್ ಪ್ಲೇಟ್ ಸವೆದಿದೆ ಎಂದರ್ಥ. ಅಥವಾ ಲಿವರ್ ತುದಿಯಲ್ಲಿ ಒಂದು ಸೆಂಟಿಮೀಟರಿನಷ್ಟು ಸಡಿಲವೂ ಇಲ್ಲದ ಹಾಗೆ ಕೇಬಲ್ ಬಿಗಿದಿದ್ದಾರೆ. ಚೈನ್ ಮಧ್ಯದಲ್ಲಿ 25ರಿಂದ 30 ಮಿ.ಮೀ. ಆಡಬೇಕು, ಅದನ್ನು ಹಿಂದೆ ಜನ ಕೂತಾಗಲೂ ಒಮ್ಮೆ ನೋಡಿ. ಕರಾವಳಿಯ ಉಪ್ಪುಗಾಳಿಗೆ ಚೈನ್ ಕೊಂಡಿ ಬೇಗ ತುಕ್ಕು ಹಿಡಿಯುತ್ತದೆ. ಮಳೆಯಲ್ಲಿ ಓಡಿಸಿದ ದಿನವೇ ಒರೆಸಿ ಲ್ಯೂಬ್ ಹಾಕದಿದ್ದರೆ ಕೊಂಡಿಗಳು ಸೆಟೆದುಕೊಳ್ಳುತ್ತವೆ. ಸ್ಪ್ರಾಕೆಟ್ ಸೆಟ್ ಹೇಗೂ ಬದಲಿಸುವ ಸಮಯ ಬಂದಿದ್ದರೆ, ಮುಂದಿನದರಲ್ಲಿ ಒಂದು ಹಲ್ಲು ಕಡಿಮೆ ಇರುವುದನ್ನು ಹಾಕಿಸಬಹುದು. 15ರ ಬದಲು 14 ಹಾಕಿದರೆ ಏರಿನ ಎಳೆತ ಶೇಕಡಾ 7ರಷ್ಟು ಹೆಚ್ಚುತ್ತದೆ, ಹೆದ್ದಾರಿಯಲ್ಲಿ ಎಂಜಿನ್ ಅಷ್ಟೇ ಹೆಚ್ಚು ತಿರುಗುತ್ತದೆ, ಮೈಲೇಜ್ ಸ್ವಲ್ಪ ಇಳಿಯುತ್ತದೆ. ಹೆಚ್ಚಾಗಿ ಘಾಟಿಯಲ್ಲೇ ಓಡಾಡುವವರಿಗೆ ಮಾತ್ರ ಇದು ಸರಿ. ವಾರಂಟಿ ಇರುವ ಗಾಡಿಗೆ ಮಾಡಿಸಬೇಡಿ.

ಬಾಡಿಗೆ ಬೈಕ್ ವಿಷಯ ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಮೋಸ ಆಗುವುದು ಅಲ್ಲಿಯೇ. ಬಾಡಿಗೆಗೆ ಕೊಡುವ ದ್ವಿಚಕ್ರ ವಾಹನಕ್ಕೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಪ್ಲೇಟಿನ ಸ್ವಂತ ಗಾಡಿಯನ್ನು ಇನ್ನೂರು ರೂಪಾಯಿ ಕಡಿಮೆಗೆ ಕೊಡುತ್ತೇವೆ ಎನ್ನುವವರು ಇದ್ದಾರೆ. ಅಪಘಾತವಾದರೆ ವಿಮೆಯವರು ಕೈ ಎತ್ತಿಬಿಡಬಹುದು. ಈ ಸುತ್ತಿಗೆ ಸಿಕ್ಕ 350ರ ಹಿಂದಿನ ಟಯರ್ ಮಧ್ಯದಲ್ಲಿ ಸವೆದು ಚಪ್ಪಟೆಯಾಗಿತ್ತು. ಅಂಥ ಟಯರ್ ತಿರುವಿಗೆ ಬಾಗುವಾಗ ತಟ್ಟನೆ ಅಂಚಿಗೆ ಬೀಳುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ, ಗಾಡಿಯೇ ಸರಿ ಇಲ್ಲ ಎಂಬ ತಪ್ಪು ತೀರ್ಮಾನಕ್ಕೂ ದಾರಿಯಾಗುತ್ತದೆ. ವಾಪಸ್ ಕೊಡುವಾಗ ಸೈಲೆನ್ಸರಿನ ಹಳೆಯ ಗೀರು ತೋರಿಸಿ ಡಿಪಾಸಿಟ್‌ನಿಂದ 1,500 ರೂಪಾಯಿ ಹಿಡಿದುಕೊಂಡರು. ಇದು ಬೇಸರದ ಮಾತಷ್ಟೇ ಅಲ್ಲ, ತಡೆಯಲು ಸುಲಭವಾದದ್ದು: ಕೀಲಿ ತೆಗೆದುಕೊಳ್ಳುವ ಮುಂಚೆ ಗಾಡಿಯ ನಾಲ್ಕೂ ಬದಿ, ಎರಡೂ ಟಯರ್, ಲಿವರ್‌ಗಳು, ಫುಟ್‌ರೆಸ್ಟ್ ತುದಿ, ಸೈಲೆನ್ಸರಿನ ಕೆಳಭಾಗ, ಓಡೋಮೀಟರ್, ಪೆಟ್ರೋಲ್ ಮಟ್ಟ ಎಲ್ಲವನ್ನೂ ಒಂದೇ ವೀಡಿಯೋದಲ್ಲಿ ತೆಗೆದು ಅವರ ಎದುರೇ ಅವರ ವಾಟ್ಸಾಪಿಗೆ ಕಳಿಸಿ. ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರದ ದಿನಾಂಕ ನೋಡಿ. ಗಾಳಿಯನ್ನು ನೀವೇ ಹಿಡಿಸಿ. ಕ್ಲಾಸಿಕ್ 350ಕ್ಕೆ ಇಬ್ಬರಿದ್ದರೆ ಮುಂದೆ 32, ಹಿಂದೆ 36 ಪಿಎಸ್‌ಐ.

ಉಡುಪಿ ದಾಟಿದ ಮೇಲೆ 169ಎ ಹೆದ್ದಾರಿಯಲ್ಲಿ ಪರ್ಕಳದ ತುಂಡು ತಾಳ್ಮೆ ಬೇಡುತ್ತದೆ. ಹಿರಿಯಡ್ಕ ಆಚೆ ದಾರಿ ಚೆಂದ.

ಹೆಬ್ರಿಯಲ್ಲಿ ಊಟ ಮಾಡಿಯೇ ಮೇಲೆ ಹತ್ತಿ. ಬಸ್‌ಸ್ಟ್ಯಾಂಡಿನ ಹತ್ತಿರ ಹೆಸರಿನ ಬೋರ್ಡೂ ಮಾಸಿಹೋದ ಸಣ್ಣ ಹೋಟೆಲೊಂದಿದೆ, ನಾಲ್ಕು ಬೆಂಚು ಅಷ್ಟೆ. ಬೆಳಿಗ್ಗೆ ಅವಲಕ್ಕಿ–ಸಜ್ಜಿಗೆ ಒಂದೇ ತಟ್ಟೆಯಲ್ಲಿ, ಮೇಲೆ ಹಸಿ ತೆಂಗಿನತುರಿ. ಬನ್ಸ್ ಒಳಗೆ ಬಾಳೆಹಣ್ಣಿನ ಪರಿಮಳ ಹಾಗೇ ಉಳಿದಿರುತ್ತದೆ, ಎಣ್ಣೆ ಕೈಗೆ ಹತ್ತುವುದಿಲ್ಲ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ, ಅಲಸಂಡೆ ಪಲ್ಯ, ಮಿಡಿ ಉಪ್ಪಿನಕಾಯಿ. ತಂಬುಳಿಗೆ ಜೀರಿಗೆ–ಮೆಣಸು ಎಷ್ಟು ಹುರಿದರೆ ಹದ ಎಂದು ಬಲ್ಲ ಕೈ ಅದು. ಕೇಳಿದರೆ ಮಜ್ಜಿಗೆ ಇನ್ನೊಂದು ಲೋಟ ಬರುತ್ತದೆ, ದುಡ್ಡಿಲ್ಲ. ಇಬ್ಬರು ಹೊಟ್ಟೆ ತುಂಬ ಉಂಡು ಕಾಫಿ ಕುಡಿದರೂ ಇನ್ನೂರು ರೂಪಾಯಿ ದಾಟುವುದಿಲ್ಲ. ಹೊಟೇಲಿನವರಿಗೆ ಆತುರವಿಲ್ಲ, ಬಿಸಿ ಅನ್ನ ಇಳಿಯುವವರೆಗೆ ಕಾಯಿಸುತ್ತಾರೆ. ಕಾಯಿರಿ. ಆ ಅರ್ಧ ಗಂಟೆಯಲ್ಲಿ ಎಂಜಿನ್ನೂ ತಣಿಯುತ್ತದೆ.

ಆಗುಂಬೆಯಲ್ಲಿ ವಾರಾಂತ್ಯ ಉಳಿಯುವುದು ಬೇಡ. ಒದ್ದೆ ಗೋಡೆಯ, ಬಿಸಿನೀರು ಬೆಳಿಗ್ಗೆ ಮಾತ್ರ ಬರುವ ಕೋಣೆಗೆ 2,800 ರೂಪಾಯಿ ಹೇಳಿದರು, ಬೈಕ್ ನಿಲ್ಲಿಸಲು ಸೂರೂ ಇಲ್ಲ. ಸೂರ್ಯಾಸ್ತ ನೋಡುವ ಜಾಗದಲ್ಲಿ ಶನಿವಾರ ಕಾರುಗಳದ್ದೇ ಜಾತ್ರೆ. ಶೃಂಗೇರಿಗೆ ಇಳಿದುಬಿಡಿ, ಅಲ್ಲಿ ಕೋಣೆ ಅಗ್ಗ.

ವಾಪಸ್ ದಾರಿಯಲ್ಲಿ ಪೆಟ್ರೋಲನ್ನು ಶೃಂಗೇರಿಯಲ್ಲೇ ತುಂಬಿಸಿ. ಕೆರೆಕಟ್ಟೆ ದಾಟಿದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಚೆಕ್‌ಪೋಸ್ಟ್‌ನಲ್ಲಿ ಹೇಳಿದಂತೆ ನಡೆಯಿರಿ, ನಡುವೆ ನಿಲ್ಲಿಸಬೇಡಿ, ಕತ್ತಲಾಗುವ ಮೊದಲು ದಾಟಿ. ಗಾಡಿ ಕೊಳ್ಳುವವರು ಇಲ್ಲಿ ಯೋಚಿಸಬೇಕಾದದ್ದು ಚಕ್ರದ ಬಗ್ಗೆ. ಕಡ್ಡಿ ಚಕ್ರದ, ಟ್ಯೂಬ್ ಇರುವ ಟಯರ್ ಪಂಕ್ಚರ್ ಆದರೆ ಚಕ್ರ ಬಿಚ್ಚದೆ ಆಗುವುದಿಲ್ಲ, ಅದೂ 195 ಕೆ.ಜಿ. ಗಾಡಿಯದ್ದು. ಅಲಾಯ್ ಚಕ್ರದ ಟ್ಯೂಬ್‌ಲೆಸ್ ಆದರೆ ಪ್ಲಗ್ ಕಿಟ್, ಸಣ್ಣ ಗಾಳಿ ಪಂಪ್ ಇದ್ದರೆ ಹದಿನೈದು ನಿಮಿಷದ ಕೆಲಸ. ಚೆಂದಕ್ಕೆ ಮರುಳಾಗಿ ಕಡ್ಡಿ ಚಕ್ರ ಆರಿಸಬೇಡಿ.

ಮಾಳ ಇಳಿಯುವುದೇ ಬ್ರೇಕಿನ ಪರೀಕ್ಷೆ. ಹತ್ತುವಾಗ ಯಾವ ಗೇರ್ ಬೇಕಾಗುತ್ತಿತ್ತೋ ಇಳಿಯುವಾಗಲೂ ಅದೇ. ಕ್ಲಚ್ ಹಿಡಿದು, ನ್ಯೂಟ್ರಲ್ ಮಾಡಿ ಇಳಿಸಿದರೆ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಪ್ಯಾಡ್ ಕಾಯುತ್ತದೆ, ಅದರ ಬಿಸಿಗೆ ಫ್ಲೂಯಿಡ್ ಕುದಿದು ಲಿವರ್ ಮೆತ್ತಗಾಗುತ್ತದೆ. ಬ್ರೇಕ್ ಫ್ಲೂಯಿಡ್ ತೇವ ಹೀರುವಂಥದ್ದು, ತೇವ ಹೀರಿದಷ್ಟೂ ಬೇಗ ಕುದಿಯುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಹಿಂದೆ ಡ್ರಮ್ ಬ್ರೇಕ್, ಎಬಿಎಸ್ (ಗಟ್ಟಿ ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೆಯ 150 ನಿಮ್ಮದಾದರೆ ಗಾಡಿ ಬದಲಿಸಲು ಶಕ್ತಿಗಿಂತ ಇದೇ ಬಲವಾದ ಕಾರಣ. 2019ರಿಂದ 125 ಸಿಸಿಗಿಂತ ಮೇಲಿನವಕ್ಕೆ ಎಬಿಎಸ್ ಕಡ್ಡಾಯ, ಆದರೆ ಕೆಲವಲ್ಲಿ ಮುಂದಿನ ಚಕ್ರಕ್ಕೆ ಮಾತ್ರ. ಎರಡೂ ಚಕ್ರಕ್ಕೆ ಇದೆಯೇ ಎಂದು ಕೇಳಿಯೇ ಕೊಳ್ಳಿ.

ದುಡ್ಡಿನ ಲೆಕ್ಕದಲ್ಲಿ 350 ಸಿಸಿ ಎಂಬುದು ಗಡಿರೇಖೆ. 2025ರ ಸೆಪ್ಟೆಂಬರ್ 22ರಿಂದ 350ರವರೆಗಿನ ಬೈಕಿಗೆ ಜಿಎಸ್‌ಟಿ ಶೇಕಡಾ 18, ಅದರ ಮೇಲಿನದಕ್ಕೆ 40. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 2022ರಲ್ಲಿ ನಿಗದಿಯಾದ ದರದಂತೆ 150 ಸಿಸಿವರೆಗೆ 3,851 ರೂಪಾಯಿ, 350ರವರೆಗೆ 7,365, ಅದರ ಮೇಲೆ 15,117. ಈ ಸುತ್ತಿಗೆ 150ರಲ್ಲಿ ಐದೂವರೆ ಲೀಟರ್ ಪೆಟ್ರೋಲ್ ಸಾಕಾದರೆ 350ಕ್ಕೆ ಏಳೂವರೆ ಬೇಕು, 450ಕ್ಕೆ ಒಂಬತ್ತರ ಹತ್ತಿರ. 40 ಅಶ್ವಶಕ್ತಿಯ ಗಾಡಿಗಳು ಹಂಪನಕಟ್ಟೆ, ಕಲ್ಸಂಕದ ಟ್ರಾಫಿಕ್ಕಿನಲ್ಲಿ ರೇಡಿಯೇಟರ್ ಫ್ಯಾನಿನ ಬಿಸಿಗಾಳಿಯನ್ನು ಕಾಲಿಗೆ ಊದುತ್ತವೆ. ದಿನಾ ಕಚೇರಿಗೆ ಹೋಗುವವರು ಏಪ್ರಿಲ್ ತಿಂಗಳ ಮಧ್ಯಾಹ್ನ ಒಮ್ಮೆ ಓಡಿಸಿ ನೋಡಬೇಕು.

ತಿಂಗಳಿಗೆ ಒಂದೆರಡು ಸಲ ಘಾಟಿ, ಉಳಿದದ್ದು ಊರೊಳಗೆ ಎಂದಾದರೆ ಸರ್ವಿಸ್ ಮಾಡಿಸಿದ 150 ಇಟ್ಟುಕೊಳ್ಳಿ. ವಾರವಾರ ಇಬ್ಬರು ಕೂತು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಂದಾಪುರ, ಭಟ್ಕಳ ಎಂದು ಓಡಾಡುವವರಿಗೆ ಮಾತ್ರ ಹೆಚ್ಚು ಶಕ್ತಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಆಗಲೂ 350ಕ್ಕೆ ಹಾರುವ ಮುಂಚೆ 200 ಸಿಸಿ ನೋಡಿ. ಅಪಾಚೆ 200 4ವಿ 152 ಕೆ.ಜಿ.ಗೆ 20.8 ಪಿಎಸ್ (ಅಶ್ವಶಕ್ತಿ) ಕೊಡುತ್ತದೆ. ಇಬ್ಬರ ಭಾರ ಸೇರಿಸಿದರೂ ಒಂದೊಂದು ಕೆ.ಜಿ.ಗೆ ಸಿಗುವ ಶಕ್ತಿ ಕ್ಲಾಸಿಕ್‌ಗಿಂತ ಹೆಚ್ಚೇ. ನೆಮ್ಮದಿಯ ಸೀಟು, ನಿಧಾನದ ಎಳೆತ ಬೇಕಾದವರು 350 ತೆಗೆದುಕೊಳ್ಳಲಿ. 400, 450 ಬೇಕಾಗುವುದು ಲಡಾಖ್, ಸ್ಪಿತಿ ಮನಸ್ಸಿನಲ್ಲಿ ಇರುವವರಿಗೆ. ಈ ಸುತ್ತಿನಲ್ಲಿ ಅದರ ಅರ್ಧ ಶಕ್ತಿಯನ್ನೂ ಬಳಸಲು ರಸ್ತೆ ಬಿಡುವುದಿಲ್ಲ.

ಕೊಂಡವರು ಮೊದಲ ಸರ್ವಿಸ್ ಮುಗಿಯುವವರೆಗೆ ಹೊಸ ಗಾಡಿಯನ್ನು ಆಗುಂಬೆಗೆ ತರಬೇಡಿ. ಹೊಸ ಟಯರಿನ ನುಣುಪು ಹೋಗಲು ಮೊದಲ ನೂರಿನ್ನೂರು ಕಿಲೋಮೀಟರ್ ಬೇಕು, ಬ್ರೇಕ್ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲೂ ಸಮಯ ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿಯ ತಿರುವಿನ ಅಂಚುಗಳಲ್ಲಿ ಪಾಚಿ ಇರುತ್ತದೆ, ಗುಡ್ಡ ಜರಿದರೆ ರಸ್ತೆ ಬಂದ್ ಆಗುತ್ತದೆ. ಹೆಬ್ರಿಯಲ್ಲಿ ಕೇಳಿಯೇ ಮುಂದೆ ಹೊರಡಿ.