ವ್ಯಾನ್ ಹತ್ತಬೇಡಿ: ಡಬ್ಲಿನ್‌ನಿಂದ ಬಂದ ಅಕ್ಕನ ಮನೆಯವರಿಗೆ ಬೆಂಗಳೂರು ತೋರಿಸಿದ್ದು

ಡಿಸೆಂಬರ್ ರಜೆಗೆ ಡಬ್ಲಿನ್‌ನಿಂದ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಬಂದಿದ್ದರು. ಮೊಮ್ಮಕ್ಕಳನ್ನು ನೋಡಲು ಸಾಗರದಿಂದ ಅಮ್ಮನೂ ಬಂದಿದ್ದಳು. ನನ್ನ ಮನೆ ಇರೋದು ಬನಶಂಕರಿಯಲ್ಲಿ. ಆರು ಜನ, ಅದರಲ್ಲಿ ಒಬ್ಬರಿಗೆ ಮಂಡಿ ನೋವು, ಇಬ್ಬರು ಚಿಕ್ಕವರು. ಸುಲಭ ಆಗಲಿ ಅಂತ ‘ಒಂದೇ ದಿನದಲ್ಲಿ ಇಡೀ ಬೆಂಗಳೂರು’ ಅನ್ನುವ ಒಂದು ಖಾಸಗಿ ವ್ಯಾನ್ ಪ್ರವಾಸಕ್ಕೆ ದುಡ್ಡು ಕಟ್ಟಿದೆ. ನಿಮ್ಮ ಮನೆಗೂ ಹೊರದೇಶದಿಂದ ಯಾರಾದರೂ ಬರುವವರಿದ್ದರೆ ಮೊದಲು ಇದನ್ನು ಓದಿಕೊಳ್ಳಿ.

ತಲೆಗೆ 900 ರೂಪಾಯಿ, ಒಟ್ಟು 5,400. ಒಂಬತ್ತು ಜಾಗ ತೋರಿಸುತ್ತೇವೆ ಅಂದಿದ್ದರು. ಎಂಟಕ್ಕೆ ಬರಬೇಕಾದ ವ್ಯಾನ್ ಬಂದಿದ್ದು ಒಂಬತ್ತೂಕಾಲಿಗೆ. ದೊಡ್ಡ ಬಸವನ ಗುಡಿಯಲ್ಲಿ ಹದಿನೈದು ನಿಮಿಷ, ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ ಇಪ್ಪತ್ತು. ಆಮೇಲೆ ಲಾಲ್‌ಬಾಗ್ ಅಂದುಕೊಂಡು ಕೂತಿದ್ದರೆ ವ್ಯಾನ್ ನಿಂತಿದ್ದು ಒಂದು ರೇಷ್ಮೆ ಸೀರೆ ಅಂಗಡಿ ಮುಂದೆ. ‘ಹತ್ತೇ ನಿಮಿಷ ಸರ್, ಫ್ಯಾಕ್ಟರಿ ರೇಟು, ನೋಡಿ ಬನ್ನಿ ಸಾಕು’ ಅಂದ ಡ್ರೈವರ್. ಒಳಗೆ ಹೋದ ಕೂಡಲೇ ಕಾಫಿ ಕೊಟ್ಟರು. ಅಕ್ಕನ ಮುಂದೆ ಒಂದರ ಮೇಲೊಂದು ಸೀರೆ ಬಿಚ್ಚಿ ಹಾಸಿದರು. ಅವಳು ಬೇಡ ಅಂದಷ್ಟೂ ಇನ್ನೊಂದು ಕಟ್ಟು ಇಳಿಯುತ್ತಿತ್ತು. ಹೊರಗೆ ಬಂದು ನೋಡಿದರೆ ವ್ಯಾನ್ ಇಲ್ಲ, ಡ್ರೈವರೂ ಇಲ್ಲ. ಅಮ್ಮ ಮೆಟ್ಟಿಲ ಮೇಲೆ ಕೂತು ‘ಸೀರೆ ಅಂಗಡಿ ನೋಡೋಕೆ ಸಾಗರದಿಂದ ಬರಬೇಕಿತ್ತೇನೋ?’ ಅಂದಳು. ನನಗೆ ಉತ್ತರ ಇರಲಿಲ್ಲ. ಅಲ್ಲಿ ಹೋಗಿದ್ದು ಒಂದು ಗಂಟೆ ಇಪ್ಪತ್ತು ನಿಮಿಷ.

ಅದರ ಪೆಟ್ಟು ಉಳಿದ ಎಲ್ಲದರ ಮೇಲೂ ಬಿತ್ತು. ಲಾಲ್‌ಬಾಗ್‌ಗೆ ಸಿಕ್ಕಿದ್ದು ಇಪ್ಪತ್ತೈದು ನಿಮಿಷ. ವಿಧಾನಸೌಧವನ್ನು ಕಿಟಕಿಯಿಂದಲೇ ನೋಡಿದೆವು. ನನ್ನ ಅಳಿಯನಿಗೆ ಹನ್ನೊಂದು ವರ್ಷ. ಅವನು ಡಬ್ಲಿನ್‌ನಿಂದಲೇ ಕಾಯುತ್ತಿದ್ದಿದ್ದು ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ. ಅಲ್ಲಿ ರೈಟ್ ಸಹೋದರರ ವಿಮಾನದ ಪೂರ್ತಿ ಗಾತ್ರದ ಮಾದರಿ ಇದೆ. ನಾವು ಮುಟ್ಟುವಷ್ಟರಲ್ಲಿ ಟಿಕೆಟ್ ಕೊಡೋದು ನಿಲ್ಲಿಸಿದ್ದರು. ಹುಡುಗ ಏನೂ ಮಾತಾಡಲಿಲ್ಲ, ಗೇಟಿನ ಹತ್ತಿರ ಸುಮ್ನೆ ನಿಂತುಬಿಟ್ಟ. ಮಾರನೇ ದಿನ ದುಡ್ಡು ವಾಪಸ್ ಕೇಳೋಣ ಅಂದರೆ ಆ ವ್ಯಾನಿನವರು ಫೋನೇ ಎತ್ತಲಿಲ್ಲ.

ಇಂಥ ವ್ಯಾನ್ ಹತ್ತಲೇಬೇಕು ಅಂತಾದರೆ, ದುಡ್ಡು ಕೊಡುವ ಮೊದಲು ‘ದಾರಿಯಲ್ಲಿ ಅಂಗಡಿ ಹತ್ತಿರ ನಿಲ್ಲಿಸ್ತೀರಾ?’ ಅಂತ ನೇರವಾಗಿ ಕೇಳಿ. ಯಾವ ಜಾಗಕ್ಕೆ ಎಷ್ಟು ಹೊತ್ತು ಅನ್ನೋದನ್ನೂ ಬರೆಸಿಕೊಳ್ಳಿ.

ಟಿಪ್ಪುವಿನ ಅರಮನೆಯಲ್ಲಿ ಇನ್ನೊಂದು ಪಾಠವೂ ಆಯಿತು. ಭಾವನದು ಈಗ ಐರ್ಲೆಂಡ್ ಪಾಸ್‌ಪೋರ್ಟ್. ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್) ಇದ್ದವರಿಗೆ ಇಂಥ ರಾಷ್ಟ್ರೀಯ ಸ್ಮಾರಕಗಳಲ್ಲಿ ಭಾರತೀಯರ ದರವೇ. ಆದರೆ ಕಾರ್ಡ್ ಮನೆಯಲ್ಲಿತ್ತು, ಹಾಗಾಗಿ ವಿದೇಶಿಯರ ಟಿಕೆಟ್ ತೆಗೆದುಕೊಂಡರು. ಎರಡಕ್ಕೂ ಹತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಇದೆ. ಕಾರ್ಡನ್ನು ಪರ್ಸಿನಲ್ಲೇ ಇಟ್ಟುಕೊಳ್ಳಲು ಹೇಳಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಟಿಕೆಟ್ ಇಲ್ಲ.

ಆ ದಿನದ ನಂತರ ನಾನೊಂದು ತೀರ್ಮಾನ ಮಾಡಿದೆ. ಒಂದು ದಿನಕ್ಕೆ ಒಂದೇ ಬಡಾವಣೆ. ಮೆಟ್ರೋದಲ್ಲಿ ಹೋಗಿ ಇಳಿಯೋದು, ಅಲ್ಲಿಂದ ನಡೆಯೋದು, ಮಧ್ಯಾಹ್ನದ ಹೊತ್ತಿಗೆ ಮನೆಗೆ ವಾಪಸ್. ಜನಜಂಗುಳಿ ನನಗೆ ಬೇಜಾರಿಲ್ಲ. ಕಾರಿನೊಳಗೆ ಕೂತು ಸಿಗ್ನಲ್ ಲೆಕ್ಕ ಹಾಕೋದು ಮಾತ್ರ ನನ್ನ ಕೈಲಿ ಆಗಲ್ಲ. ನಿಮಗೆ ಗುಂಪು ಆಗದಿದ್ದರೆ ನನ್ನ ಸಲಹೆಯಲ್ಲಿ ಅರ್ಧ ಬಿಟ್ಟುಬಿಡಿ.

ಹಸಿರು ಮಾರ್ಗ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬನಶಂಕರಿಯಿಂದ ಹೊರಟರೆ ಜಯನಗರ, ಲಾಲ್‌ಬಾಗ್, ನ್ಯಾಷನಲ್ ಕಾಲೇಜು, ಮಾರುಕಟ್ಟೆ, ಚಿಕ್ಕಪೇಟೆ, ಮೆಜೆಸ್ಟಿಕ್ ಎಲ್ಲವೂ ಅದೇ ಮಾರ್ಗದಲ್ಲಿ ಸಿಗುತ್ತವೆ. ಲಿಫ್ಟ್ ಇರುವುದರಿಂದ ಅಮ್ಮನಿಗೂ ಕಷ್ಟ ಆಗಲಿಲ್ಲ. ಭಾನುವಾರ ಮಾತ್ರ ಮೆಟ್ರೋ ಶುರುವಾಗೋದು ತಡ, ನೆನಪಿರಲಿ. ಅಕ್ಕನ ಮಗಳು, ಎಂಟು ವರ್ಷದ ಸೊಸೆ, ಡಬ್ಲಿನ್‌ನಲ್ಲಿ ಭಾನುವಾರ ಕನ್ನಡ ಕಲಿಯಲು ಹೋಗುತ್ತಾಳೆ. ನಿಲ್ದಾಣ ಬಂದಾಗಲೆಲ್ಲ ಬೋರ್ಡಿಗೆ ಕಣ್ಣು ನೆಟ್ಟು ಓದುತ್ತಿದ್ದಳು. ‘ಲಾಲ್‌ಬಾಗ್’ ಸಲೀಸಾಗಿ ಬಂತು. ‘ಕೃಷ್ಣ’ದ ಹತ್ತಿರ ನಿಂತಳು, ಷ ಕೆಳಗಿರುವ ಣ ಗೊತ್ತಾಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಒಬ್ಬ ಅಜ್ಜ ತನ್ನ ಅಂಗೈ ಮೇಲೆ ಬೆರಳಲ್ಲಿ ಬರೆದು ತೋರಿಸಿದರು. ಮೆಜೆಸ್ಟಿಕ್ ಬರುವ ತನಕ ಅವಳೂ ತನ್ನ ಅಂಗೈ ಮೇಲೆ ಅದನ್ನೇ ಬರೆಯುತ್ತಿದ್ದಳು.

ಲಾಲ್‌ಬಾಗ್‌ಗೆ ಎರಡನೇ ಸಲ ಬೆಳಿಗ್ಗೆ ಏಳಕ್ಕೇ ಹೋದೆವು. 240 ಎಕರೆಯ ತೋಟ ಅದು, ಇಪ್ಪತ್ತೈದು ನಿಮಿಷದಲ್ಲಿ ಏನು ನೋಡೋಕಾಗುತ್ತೆ? ಎಲ್ಲರೂ 1889ರ ಗಾಜಿನ ಮನೆ ಮುಂದೆ ಫೋಟೋ ತೆಗೆದು ಹೊರಟುಬಿಡುತ್ತಾರೆ. ನೀವು ಮಕ್ಕಳನ್ನು ಬಂಡೆ ಹತ್ತಿಸಿ. ಮೇಲೆ ಕೆಂಪೇಗೌಡರ ಗೋಪುರ ಇದೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಅಂದಾಗ ಅಳಿಯ ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ನಿಂತ. ಅಮ್ಮ ಕೆಳಗೇ ಕೂತಿದ್ದಳು. ಇಳಿಜಾರು ಇದೆ, ಮಂಡಿ ನೋವಿದ್ದವರನ್ನು ಬಲವಂತ ಮಾಡಬೇಡಿ.

ಈಗ ಊಟ ತಿಂಡಿಯ ವಿಷಯ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಕರೆದುಕೊಂಡು ಹೋಗಿ, ಬೇರೆ ಎಲ್ಲೂ ಹೋಗದಿದ್ದರೂ ಪರವಾಗಿಲ್ಲ. ನ್ಯಾಷನಲ್ ಕಾಲೇಜು ನಿಲ್ದಾಣದಿಂದ ನಡೆದೇ ಹೋಗಬಹುದು. 1965ರಿಂದ ನಡೆಯುತ್ತಿದೆ. ಸಿಗೋದು ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಅಷ್ಟೇ. ಸಾಂಬಾರ್ ಇಲ್ಲ. ಕೂರೋಕೆ ಕುರ್ಚಿ ಇಲ್ಲ, ತಟ್ಟೆ ಹಿಡಿದು ಫುಟ್‌ಪಾತಿನಲ್ಲಿ ನಿಂತು ತಿನ್ನಬೇಕು. ಭಾವ ಮೊದಲು ಸ್ವಲ್ಪ ಹಿಂದೆ ಮುಂದೆ ನೋಡಿದರು. ಆದರೆ ಆ ಚಟ್ನಿ! ತೆಳ್ಳಗೆ, ಅಚ್ಚ ಬಿಳಿ ಅಲ್ಲ, ತುಸು ಹಸಿರು. ಇಡ್ಲಿ ಕಾಣದ ಹಾಗೆ ಮೇಲಿಂದ ಹುಯ್ಯುತ್ತಾರೆ. ಇಡ್ಲಿ ಬಿಸಿಗೆ ಚಟ್ನಿ ಬೆಚ್ಚಗಾಗುತ್ತದೆ, ಹಸಿಮೆಣಸಿನ ಖಾರ ನಿಧಾನಕ್ಕೆ ನಾಲಿಗೆಗೆ ಹತ್ತುತ್ತದೆ. ತಟ್ಟೆ ಚಾಚಿದರೆ ಇನ್ನೊಂದು ಸೌಟು, ಮತ್ತೆ ಚಾಚಿದರೆ ಮತ್ತೊಂದು. ಭಾವ ನಾಲ್ಕು ಸಲ ಹಾಕಿಸಿಕೊಂಡರು. ವಡೆ ಹೊರಗೆ ಗರಿಗರಿ, ಮುರಿದರೆ ಒಳಗಿಂದ ಹಬೆ. ಇಡ್ಲಿ ಖಾರ ಅಂದ ಮಕ್ಕಳಿಗೆ ಕೇಸರಿಬಾತ್ ಕೊಡಿಸಿದೆವು. ಹೊರಗಡೆ ತಿಂಡಿ ಅಂದ್ರೆ ಮೂಗು ಮುರಿಯುವ ಅಮ್ಮ ಎರಡನೇ ಕಾಫಿ ತಾನಾಗೇ ಕೇಳಿದಳು. ಆರು ಜನ ಹೊಟ್ಟೆ ತುಂಬ ತಿಂದು ಕೊಟ್ಟ ದುಡ್ಡು, ಆ ವ್ಯಾನಿನಲ್ಲಿ ಒಬ್ಬರಿಗೆ ಕೊಟ್ಟಿದ್ದಕ್ಕಿಂತ ಕಡಿಮೆ.

ಭಾವನ ಹತ್ತಿರ ಇದ್ದಿದ್ದು ಐರ್ಲೆಂಡಿನ ಬ್ಯಾಂಕ್ ಕಾರ್ಡ್ ಮಾತ್ರ. ದರ್ಶಿನಿ, ಹೂವಿನವರು, ಆಟೋದವರ ಹತ್ತಿರ ಅದು ನಡೆಯಲ್ಲ. ಯುಪಿಐ ಇಲ್ಲದವರ ಕೈಗೆ ಹತ್ತು, ಇಪ್ಪತ್ತು, ಐವತ್ತರ ನೋಟು ಕೊಟ್ಟಿಡಿ. ಆಟೋ ಮೀಟರ್ ದರ ಆಗಸ್ಟ್ 2025ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಇದು ಗೊತ್ತಿದ್ದರೆ ಕೇಳುವ ರೇಟು ಎಷ್ಟು ಜಾಸ್ತಿ ಅಂತ ತಿಳಿಯುತ್ತದೆ. ಸಾಗರದ ಆಧಾರ್ ತೋರಿಸಿ ಅಮ್ಮ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಉಚಿತವಾಗಿ ಓಡಾಡಿದಳು. ವಿಮಾನ ನಿಲ್ದಾಣದ ವಾಯುವಜ್ರ ಬಸ್ಸಿಗೆ ಅದು ಅನ್ವಯಿಸಲ್ಲ.

ಕೆ.ಆರ್. ಮಾರುಕಟ್ಟೆಗೆ ಬೆಳಗಿನ ಆರೂವರೆಗೆ ಹೋಗಿ. ನೆಲ ಒದ್ದೆ ಇರುತ್ತದೆ, ತಲೆ ಮೇಲೆ ಮೂಟೆ ಹೊತ್ತವರು ‘ಸೈಡ್ ಸೈಡ್’ ಅಂತ ನುಗ್ಗುತ್ತಾರೆ. ಮಕ್ಕಳ ಕೈ ಬಿಡಬೇಡಿ, ಬಿಳಿ ಶೂ ಹಾಕಿಸಬೇಡಿ. ಹೂವಿನ ರಾಶಿಯನ್ನು ಒಂದು ಮಹಡಿ ಮೇಲಿಂದ ನೋಡಿದರೆ ಚೆಂಡುಹೂವಿನ ಕೇಸರಿ, ಸೇವಂತಿಗೆಯ ಹಳದಿ ಅಷ್ಟೇ ಕಣ್ಣಿಗೆ ಕಾಣುವುದು. ಅಮ್ಮ ಎರಡು ಮಾರು ಸೇವಂತಿಗೆಗೆ ಹತ್ತು ನಿಮಿಷ ಚೌಕಾಸಿ ಮಾಡಿ, ಕೊನೆಗೆ ಆ ಹೆಂಗಸು ಕೇಳಿದಷ್ಟೇ ಕೊಟ್ಟಳು. ‘ಚಳೀಲಿ ಕೂತಿದಾಳೆ, ಪಾಪ’ ಅಂದಳು.

ವಾರದ ರಜೆ ನೋಡಿಕೊಂಡು ದಿನ ಗೊತ್ತು ಮಾಡಿ. ಸೋಮವಾರ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹೋಟೆಲ್ ಇಲ್ಲ, ತಾರಾಲಯವೂ ಇಲ್ಲ. ಮಂಗಳವಾರ ಬನ್ನೇರುಘಟ್ಟ ಮುಚ್ಚಿರುತ್ತದೆ. ಶುಕ್ರವಾರ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲಿಗೆ ರಜೆ, ಭಾನುವಾರ ಬ್ರಾಹ್ಮಿನ್ಸ್‌ಗೆ. ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಬೆಳಿಗ್ಗೆ ಒಂಬತ್ತೂವರೆಗೆ ತೆರೆಯುತ್ತದೆ. ಅಕ್ಕ ಹೊರಡುವ ಹಿಂದಿನ ದಿನ ಅಳಿಯನೂ ನಾನೂ ಇಬ್ಬರೇ ಮೆಟ್ರೋದಲ್ಲಿ ಕಬ್ಬನ್ ಪಾರ್ಕ್‌ಗೆ ಹೋಗಿ, ಒಂಬತ್ತೂಕಾಲಿಗೇ ಆ ಗೇಟಿನ ಮುಂದೆ ನಿಂತಿದ್ದೆವು.