ಬೀಗ ಹಾಕಿದ ಪುಟಗಳು

ನಮ್ಮ ತಂತ್ರಾಂಶದಲ್ಲಿ ಬ್ಯಾಕಪ್ ಆಗುತ್ತಿಲ್ಲ ಎಂದು ಗ್ರಾಹಕರೊಬ್ಬರು ಕರೆ ಮಾಡಿದ್ದರು. “ನಿಮ್ಮ ಕೈಪಿಡಿಯಲ್ಲಿ ಇರುವ ಹಾಗೆಯೇ ಮಾಡಿದ್ದೇನೆ ಮೇಡಂ, ಒಂದಕ್ಷರ ಬಿಟ್ಟಿಲ್ಲ” ಎಂದರು. ಅವರ ಪರದೆ ನೋಡಿದೆ, ಮಾತು ನಿಜ. ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ ಪುಟವನ್ನು ತೆರೆದಿದ್ದರು, ಅದು ನಾನೇ ಬರೆದ ಪುಟ. ಆದರೆ ವಿಳಾಸದ ನಡುವೆ 2.4 ಎಂದಿತ್ತು. ಅವರು ಬಳಸುತ್ತಿದ್ದುದು 5.1. ಆ ಕಮಾಂಡಿನ ಹೆಸರನ್ನು ನಾವು 4ನೇ ಆವೃತ್ತಿಯಲ್ಲೇ ಬದಲಿಸಿದ್ದೆವು. ಅರ್ಧ ದಿನ ಅವರು ತಮ್ಮ ಮೇಲೆಯೇ ಅನುಮಾನಪಟ್ಟುಕೊಂಡು ಕೂತಿದ್ದರು. ಅದು ನನ್ನನ್ನು ಬಹಳ ಕಾಡಿತು.

ಹಳೆಯ ಪುಟ ಮೇಲೆ ಬರುವುದರಲ್ಲಿ ಸೋಜಿಗವೇನಿಲ್ಲ. ವರ್ಷಗಟ್ಟಲೆ ಜನ ಅದಕ್ಕೆ ಕೊಂಡಿ ಕೊಟ್ಟಿರುತ್ತಾರೆ. ನಾವೋ ಪ್ರತಿ ಬಿಡುಗಡೆಗೂ ಹೊಸ ವಿಳಾಸ ಹುಟ್ಟಿಸಿ, ಗಳಿಸಿದ್ದನ್ನೆಲ್ಲ ಹಿಂದೆಯೇ ಬಿಟ್ಟು ಬರುತ್ತಿದ್ದೆವು.

ಅವಸರದಲ್ಲಿ ಒಂದು ತಪ್ಪು ಮಾಡಿದೆವು. ಹೊಸ ಪುಟವೇ ಮುಖ್ಯ ಎಂದು ಶೋಧಯಂತ್ರಕ್ಕೆ ಸಾರುವ ಕೆನಾನಿಕಲ್ ಕೊಂಡಿಯನ್ನು ಹಳೆಯ ಪುಟಗಳೊಳಗೆ ಇಟ್ಟೆವು. ಜೊತೆಗೆ, ಶೋಧಯಂತ್ರಕ್ಕಾಗಿ ಪುಟಗಳನ್ನು ಓದುವ ಬಾಟ್ ಎಂಬ ಪ್ರೋಗ್ರಾಂ ಎಲ್ಲಿಗೆ ಹೋಗಬಾರದು ಎಂದು ಹೇಳುವ ರೋಬಾಟ್ಸ್ ಕಡತದಲ್ಲಿ ಅದೇ ಪುಟಗಳಿಗೆ ಪ್ರವೇಶವನ್ನೂ ನಿಷೇಧಿಸಿದೆವು. ವಾರಗಳು ಕಳೆದರೂ 2.4 ಹೋಗಲಿಲ್ಲ. ಫಲಿತಾಂಶದಲ್ಲಿ ಶೀರ್ಷಿಕೆ ಹಾಗೆಯೇ ಇತ್ತು, ಕೆಳಗಿನ ವಿವರಣೆ ಮಾತ್ರ ಮಾಯವಾಗಿತ್ತು. ಆ ಕಡತ ತಡೆಯುವುದು ಬಾಟ್ ಪುಟವನ್ನು ಓದುವುದನ್ನಷ್ಟೇ. ಬೇರೆ ಕಡೆಯಿಂದ ಕೊಂಡಿ ಇದ್ದರೆ ವಿಳಾಸ ಶೋಧಯಂತ್ರದ ಸೂಚಿಯಲ್ಲಿ ಉಳಿಯಬಹುದು. ಬಾಗಿಲಿಗೆ ಬೀಗ ಜಡಿದು ಒಳಗೋಡೆಗೆ ಚೀಟಿ ಅಂಟಿಸಿದರೆ ಓದುವವರು ಯಾರು? ‘ಸೂಚಿಗೆ ಸೇರಿಸಬೇಡ’ ಎನ್ನುವ ನೋಇಂಡೆಕ್ಸ್ ಗುರುತನ್ನು ಪುಟದೊಳಗೆ ಹಾಕಿದ್ದರೂ ಅದೇ ಗತಿ.

ಬೀಗ ತೆಗೆದೆವು. ಪ್ರಸ್ತುತ ಆವೃತ್ತಿಗೆ ಎಂದೂ ಬದಲಾಗದ ಒಂದೇ ವಿಳಾಸ ಕೊಟ್ಟೆವು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಕೈಪಿಡಿಯಲ್ಲಿ ‘ಕರೆಂಟ್’ ಎಂಬ ವಿಳಾಸ ಇರುವುದು ಹೀಗೆಯೇ. ಅಲ್ಲಿ ಹಳೆಯ ಪುಟದಿಂದ ಬೇರೆ ಆವೃತ್ತಿಯ ಅದೇ ಪುಟಕ್ಕೆ ನೇರವಾಗಿ ಹೋಗಬಹುದು. ಇದನ್ನು ನಮ್ಮಲ್ಲಿ ನಾನು ಹಟ ಹಿಡಿದು ಮಾಡಿಸಿದೆ. ‘ಇದು ಹಳೆಯ ಆವೃತ್ತಿ’ ಎನ್ನುವ ನಮ್ಮ ಹಳದಿ ಪಟ್ಟಿ ಮೊದಲು ಮುಖಪುಟಕ್ಕೆ ಒಯ್ಯುತ್ತಿತ್ತು. ಮನೆ ಕೇಳಿದವರನ್ನು ಬಸ್ ನಿಲ್ದಾಣದಲ್ಲಿ ಬಿಟ್ಟು ಬಂದಂತೆ ಅದು.

2009ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಒಟ್ಟಾಗಿ ಒಪ್ಪಿಕೊಂಡ ಈ ಕೆನಾನಿಕಲ್ ಕೊಂಡಿ ಆಜ್ಞೆಯಲ್ಲ, ಸೂಚನೆ. ಪುಟಗಳು ಒಂದನ್ನೊಂದು ಹೋಲದಿದ್ದರೆ ಶೋಧಯಂತ್ರ ಅದನ್ನು ಬದಿಗಿಡಬಹುದು. ಹಾಗಾಗಿ 5ರಲ್ಲಿ ಕೈಬಿಟ್ಟ ಸೌಲಭ್ಯಗಳ ಪುಟಗಳಿಗೆ ಅವುಗಳದೇ ವಿಳಾಸವನ್ನು ಉಳಿಸಿದೆವು. 3ನೇ ಆವೃತ್ತಿಯಲ್ಲೇ ಕೆಲಸ ನಡೆಸುವವರು ಇನ್ನೂ ಇದ್ದಾರೆ, ಅವರಿಗೆ ಆ ಮಾಹಿತಿ ಬೇರೆಲ್ಲೂ ಸಿಗದು. ಅವರಿಗಾಗಿಯೇ ನಮ್ಮ ತಾಣದ ಹುಡುಕಾಟದಲ್ಲಿ ಆವೃತ್ತಿಯ ಆಯ್ಕೆ ಸೇರಿಸಿದೆವು, ಪುಟದ ಶೀರ್ಷಿಕೆಯಲ್ಲೇ ಸಂಖ್ಯೆ ಬರೆದೆವು.

ಈಗ ಪ್ರತಿ ಬಿಡುಗಡೆಯ ನಂತರ, ಗ್ರಾಹಕರು ಕರೆ ಮಾಡಿ ಹೇಳುವ ಮಾತುಗಳನ್ನೇ ಟೈಪ್ ಮಾಡಿ ಗೂಗಲ್‌ನಲ್ಲಿ ಹುಡುಕುತ್ತೇನೆ. ‘ಬ್ಯಾಕಪ್’ಗೆ ಈಗ ಮೊದಲು ಬರುವುದು ಪ್ರಸ್ತುತ ಪುಟ. ‘ರೀಸ್ಟೋರ್’ಗೆ ಇನ್ನೂ 3.2 ಬರುತ್ತಿದೆ, ಈ ವಾರ ಅದರ ಕೆಲಸ.