ಸಿಸ್ಟರೇ, ಇದು ಎಪಿಡೆಮಿಕ್ಕಾ ಪ್ಯಾಂಡೆಮಿಕ್ಕಾ?

ಗೋಣಿಕೊಪ್ಪ ಬಸ್ ಸ್ಟ್ಯಾಂಡಲ್ಲಿ ಐದು ನಿಮಿಷ ನಿಂತ್ರೆ ಸಾಕು, ಯಾರಾದ್ರೂ ಒಬ್ರು ಹತ್ರ ಬಂದೇ ಬರ್ತಾರೆ. "ಸಿಸ್ಟರೇ, ನಮ್ಮ ಕಡೆ ಎಲ್ಲಾರಿಗೂ ಜ್ವರ, ಇದು ಎಪಿಡೆಮಿಕ್ಕಾ ಪ್ಯಾಂಡೆಮಿಕ್ಕಾ?" ಎಲ್ಲಾರಿಗೂ ಅಂದ್ರೆ ಅವರ ಮನೇಲಿ ಇಬ್ರು, ಪಕ್ಕದ ಮನೇಲಿ ಒಬ್ಬ, ಮತ್ತೆ ಅವರ ಷಡ್ಕನ ಡ್ರೈವರ್. ನಾನು ಸರ್ಕಾರಿ ಆರೋಗ್ಯ ಸಬ್ ಸೆಂಟರ್ ಕೆಲಸದಿಂದ ರಿಟೈರ್ ಆಗಿದೀನಿ, ಆದ್ರೆ ಊರಿನವರ ಲೆಕ್ಕದಲ್ಲಿ ಸಿಸ್ಟರ್ ಅನ್ನೋಳು ರಿಟೈರ್ ಆಗಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡ್ತಿದೀನಿ, ಇನ್ಮೇಲೆ ಯಾರು ಕೇಳಿದ್ರೂ ಇದನ್ನೇ ಕಳಿಸಿ ಸುಮ್ನಾಗ್ತೀನಿ.

ಮೊದಲು ನನಗೆ ಸಿಟ್ಟು ಬರೋದು ಕೇಳೋ ಧಾಟಿಗೆ. ಎಂಡೆಮಿಕ್ ಅಂದ್ರೆ ಗುಮಾಸ್ತ, ಎಪಿಡೆಮಿಕ್ ಅಂದ್ರೆ ತಹಶೀಲ್ದಾರ್, ಪ್ಯಾಂಡೆಮಿಕ್ ಅಂದ್ರೆ ಡೀಸಿ ಸಾಹೇಬ್ರು, ರೋಗ ಸರ್ವಿಸ್ ಮಾಡ್ತಾ ಮಾಡ್ತಾ ಪ್ರಮೋಷನ್ ತಗೊಳ್ಳತ್ತೆ ಅನ್ನೋ ಹಾಗೆ ಕೇಳ್ತಾರೆ. ಹಾಗಿಲ್ಲ ಮಾರಾಯ್ರೆ. ಅದು ರೋಗ ಎಷ್ಟು ಕೆಟ್ಟದ್ದು ಅಂತ ಹೇಳೋ ಪದಾನೇ ಅಲ್ಲ. ಒಬ್ರು ಹೋಮ್‌ಸ್ಟೇ ಯಜಮಾನ್ರಂತೂ ಡಿಸೆಂಬರ್ ರಜೆಗೆ ಮುಂಚೆ ಬಂದು, "ನಮ್ಮೂರಲ್ಲಿರೋದು ಎಪಿಡೆಮಿಕ್ ಅಲ್ಲ, ಬರೀ ಜ್ವರ ಅಂತ ಒಂದು ಲೆಟರ್ ಕೊಟ್ಬಿಡಿ, ಗೆಸ್ಟ್‌ಗಳಿಗೆ ವಾಟ್ಸಾಪ್ ಮಾಡ್ಬೇಕು" ಅಂದ್ರು. ಬರೀ ಜ್ವರ ಅನ್ನೋದಕ್ಕೆ ಸೀಲ್ ಎಲ್ಲಿಂದ ತರ್ಲಿ ನಾನು.

ಅಧ್ವಾನ ಸ್ವಲ್ಪ ನಮ್ಮ ಪದದಲ್ಲೂ ಇದೆ. ಕನ್ನಡದಲ್ಲಿ ಅಂಟೋ ರೋಗಕ್ಕೂ ಸಾಂಕ್ರಾಮಿಕ ಅಂತೀವಿ, ಇದ್ದಕ್ಕಿದ್ದಂತೆ ಜಾಸ್ತಿ ಆದ ರೋಗಕ್ಕೂ ಸಾಂಕ್ರಾಮಿಕ ಅಂತೀವಿ, ಕೊರೋನಾ ಟೈಮಲ್ಲಿ ಪ್ರಪಂಚಕ್ಕೆಲ್ಲ ಬಂದಿದ್ದಕ್ಕೂ ಪೇಪರಿನವರು ಅದನ್ನೇ ಬರೆದ್ರು. ಆದ್ರೆ ಅಂಟುತ್ತಾ ಅನ್ನೋದೇ ಬೇರೆ ಪ್ರಶ್ನೆ, ಜಾಸ್ತಿ ಆಗಿದ್ಯಾ ಅನ್ನೋದೇ ಬೇರೆ. ಧನುರ್ವಾಯು ಮಣ್ಣಿಂದ ಗಾಯಕ್ಕೆ ಬರೋದು, ರೋಗಿ ಪಕ್ಕ ಮಲಗಿದ್ರೂ ನಿಮಗೆ ಅಂಟಲ್ಲ. ಇಲಿಜ್ವರ ಗದ್ದೆ ನೀರಲ್ಲಿ ಬರಿಗಾಲಲ್ಲಿ ನಿಂತವರಿಗೆ ಇಲಿ ಉಚ್ಚೆಯಿಂದ ಬರತ್ತೆ, ಒಂದೇ ನಾಟಿ ಗದ್ದೇಲಿ ನಿಂತ ಹತ್ತು ಜನಕ್ಕೂ ಬರಬಹುದು, ಆದ್ರೆ ಹತ್ತೂ ಜನಕ್ಕೆ ಗದ್ದೆಯಿಂದ ಬಂತೇ ಹೊರತು ಒಬ್ಬರಿಂದ ಒಬ್ಬರಿಗಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಸಿಕ್ಕ ಮಂಗನ ಕಾಯಿಲೆನೂ ಹಾಗೇ, ಉಣ್ಣೆ ಕಚ್ಚಿ ಮನುಷ್ಯನಿಗೆ ಬಂದು ಅಲ್ಲೇ ನಿಲ್ಲತ್ತೆ, ಮುಂದಿನವನಿಗೆ ದಾಟಲ್ಲ. ಅಂಟದೇ ಇರೋ ರೋಗನೂ ಎಪಿಡೆಮಿಕ್ ಆಗಬಹುದು, ಅಂಟೋ ರೋಗ ವರ್ಷಪೂರ್ತಿ ಇದ್ರೂ ಎಪಿಡೆಮಿಕ್ ಅಲ್ಲದೇ ಇರಬಹುದು.

ಕೊಡಗಿನವರಿಗೆ ಇದನ್ನ ಬಿಡಿಸಿ ಹೇಳೋ ಕಷ್ಟವೇ ಇರಬಾರದು. ಮಳೆ ಅಳೆಯೋ ಡಬ್ಬಿ ಇಲ್ಲದ ತೋಟ ಉಂಟಾ ನಮ್ಮಲ್ಲಿ? ಬೆಳಿಗ್ಗೆ ಎದ್ದು ಮುಖ ತೊಳೆಯೋಕ್ಕೆ ಮುಂಚೆ ಫೋನು, "ನಿಮ್ಮಲ್ಲಿ ಎಷ್ಟು? ನಮ್ಮಲ್ಲಿ ಎಪ್ಪತ್ತು ಸೆಂಟು." (ನೂರು ಸೆಂಟಿಗೆ ಒಂದಿಂಚು.) ಜುಲೈನಲ್ಲಿ ಭಾಗಮಂಡಲದಲ್ಲಿ ನಾಲ್ಕಿಂಚು ಬಿದ್ರೆ ಯಾರೂ ಕತ್ತೆತ್ತಿ ನೋಡಲ್ಲ, ಅದೇ ನಾಲ್ಕಿಂಚು ಕುಶಾಲನಗರದಲ್ಲಿ ಬಿದ್ರೆ ಪೇಪರಲ್ಲಿ ಫೋಟೋ. ಮಾರ್ಚಲ್ಲಿ ಒಂದಿಂಚು ಬಂದ್ರೆ ಹೂಮಳೆ ಅಂತ ಖುಷಿ, ಅದೇ ಒಂದಿಂಚು ಕಣದಲ್ಲಿ ಕಾಫಿ ಹರಡಿರೋವಾಗ ಬಂದ್ರೆ ಮನೇಲಿ ಯಾರ ಹತ್ರನೂ ಮಾತಾಡೋ ಹಾಗಿಲ್ಲ. ಅಂದ್ರೆ ನಿಮಗೆ ಗೊತ್ತು, ಮಳೆ ಜಾಸ್ತಿನಾ ಕಮ್ಮಿನಾ ಅಂತ ಹೇಳ್ಬೇಕಾದ್ರೆ ಯಾವ ಊರು, ಯಾವ ತಿಂಗಳು, ಅಲ್ಲಿ ಮಾಮೂಲಿ ಎಷ್ಟು ಅಂತ ಗೊತ್ತಿರ್ಬೇಕು. ರೋಗಕ್ಕೂ ಅಷ್ಟೇ. ಒಂದು ಜಾಗದಲ್ಲಿ ಮಾಮೂಲಾಗಿ ಇದ್ದೇ ಇದ್ರೆ ಎಂಡೆಮಿಕ್. ಮಾಮೂಲಿಗಿಂತ ಎದ್ದು ಕಾಣೋ ಹಾಗೆ ಏರಿದ್ರೆ ಎಪಿಡೆಮಿಕ್, ಅದೇ ಒಂದು ಊರು, ಒಂದು ಹಾಸ್ಟೆಲ್ ಮಟ್ಟದಲ್ಲಾದ್ರೆ ನಾವು ಔಟ್‌ಬ್ರೇಕ್ ಅಂತ ಬರೀತೀವಿ. ಅಲ್ಲೊಂದು ಇಲ್ಲೊಂದು, ಒಂದಕ್ಕೊಂದು ಸಂಬಂಧ ಇಲ್ಲದೆ ಬಂದ್ರೆ ಸ್ಪೊರಾಡಿಕ್, ಬಿಡಿ ಕೇಸು. ಆ ಏರಿಕೆ ದೇಶ ದೇಶ ದಾಟಿ ಹೋದ್ರೆ ಪ್ಯಾಂಡೆಮಿಕ್. ನೆಗಡಿ ಪ್ರಪಂಚದಲ್ಲೆಲ್ಲ ಇದೆ, ಆದ್ರೂ ಅದನ್ನ ಪ್ಯಾಂಡೆಮಿಕ್ ಅನ್ನಲ್ಲ, ಯಾಕಂದ್ರೆ ಅದು ಯಾವತ್ತೂ ಇರೋದೇ. 2009ರಲ್ಲಿ ಎಚ್1ಎನ್1 ಬಂದಾಗ ಜೂನ್‌ನಲ್ಲಿ ಪ್ಯಾಂಡೆಮಿಕ್ ಅಂತ ಘೋಷಣೆ ಆಯ್ತು, ಮಾರನೇ ವರ್ಷ ಆಗಸ್ಟ್‌ನಲ್ಲಿ ಮುಗೀತು ಅಂದ್ರು, ಆ ವೈರಸ್ ಎಲ್ಲಿಗೂ ಹೋಗಿಲ್ಲ, ಪ್ರತಿ ವರ್ಷದ ಫ್ಲೂ ಜೊತೆ ಸೇರ್ಕೊಂಡು ಆರಾಮಾಗಿದೆ.

ಮಾಮೂಲಿ ಸೊನ್ನೆ ಆಗಿದ್ರೆ? ವೈಲ್ಡ್ ಪೋಲಿಯೋ, ಅಂದ್ರೆ ಲಸಿಕೆಯ ವೈರಸ್ಸಿಂದ ಅಲ್ಲದೆ ತಾನಾಗೇ ಹರಡೋ ಪೋಲಿಯೋ, ನಮ್ಮ ದೇಶದಲ್ಲಿ ಕೊನೇ ಸಲ ಕಂಡಿದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ಈಗ ಒಂದೇ ಒಂದು ಮಗುವಿಗೆ ಬಂದ್ರೂ ಅದು ಎಪಿಡೆಮಿಕ್ಕೇ, ಅವತ್ತು ರಾತ್ರಿ ದೆಹಲಿಯಲ್ಲಿ ಯಾರೂ ಮಲಗಲ್ಲ. ನೀವು ಇಬ್ರು ಜ್ವರ ಹಿಡ್ಕೊಂಡು ಬಸ್ ಸ್ಟ್ಯಾಂಡಲ್ಲಿ ನನ್ನ ನಿಲ್ಲಿಸ್ತೀರ.

ಇನ್ನು ಕಾನೂನು ಏನು ಹೇಳತ್ತೆ ಅಂತ ಒಬ್ರು ಲಾಯರ್ ಕೇಳಿದ್ರು. ಮುಂಬೈ ಪ್ಲೇಗ್ ಟೈಮಲ್ಲಿ, 1897ರಲ್ಲಿ, ಬ್ರಿಟಿಷರು ಅವಸರದಲ್ಲಿ ಎಪಿಡೆಮಿಕ್ ಡಿಸೀಸಸ್ ಆಕ್ಟ್ ಮಾಡಿದ್ರಲ್ಲ, ಅದರಲ್ಲಿ ಎಪಿಡೆಮಿಕ್ ಅಂದ್ರೆ ಏನು ಅಂತಾನೇ ಬರೆದಿಲ್ಲ. ಕೊರೋನಾ ಶುರುವಾದಾಗಲೂ ನಾವು ಅದನ್ನೇ ಇಟ್ಕೊಂಡು ಓಡಾಡಿದ್ದು.

ಸರಿ, ಆ ಮದುವೆ ಕತೆ ಹೇಳ್ತೀನಿ, ಅದಿಲ್ಲದೆ ಇದು ಮುಗಿಯಲ್ಲ.

ಕೊರೋನಾಗೆ ಮುಂಚಿನ ಮಾತು. ಏಪ್ರಿಲ್ ಕೊನೇಲಿ ಒಂದು ದೊಡ್ಡ ಮದುವೆ, ಬೋರ್‌ವೆಲ್ ಬತ್ತಿ ಹಾಲ್‌ಗೆ ಟ್ಯಾಂಕರ್ ನೀರು ತರ್ಸಿದ್ರು, ಬಾಗಿಲಲ್ಲೇ ವೆಲ್‌ಕಮ್ ಡ್ರಿಂಕು, ಪ್ಯಾಶನ್ ಫ್ರೂಟ್ ಜ್ಯೂಸು, ಮೇಲೆ ಪುಡಿ ಐಸು. ನಾನೂ ಹೋಗಿದ್ದೆ. ನಂಗೆ ಗಂಟಲು ಸರಿ ಇರ್ಲಿಲ್ಲ, ಬಿಸಿ ಕಾಫಿ ಕುಡ್ದೆ, ಪಂದಿ ಕರಿ ಕಡಂಬಿಟ್ಟು ಹೊಡ್ದೆ, ಬಂದೆ. ನಾಲ್ಕು ವಾರ ಯಾರಿಗೂ ಏನೂ ಇಲ್ಲ. ಮೇ ಕೊನೇಲಿ ನಮ್ಮ ಆಸ್ಪತ್ರೆಗೆ ಒಬ್ರು ಕಣ್ಣು ಹಳದಿ ಮಾಡ್ಕೊಂಡು ಬಂದ್ರು, ಕಾಮಾಲೆ. ಮೂರು ದಿನ ಬಿಟ್ಟು ಇನ್ನೊಬ್ರು. ಎರಡನೇ ಅವರು ರಕ್ತ ಕೊಡ್ತಾ ಕೂತಾಗ ಆ ಮದುವೇಲಿ ನನ್ನ ನೋಡಿದ್ದನ್ನ ಹೇಳಿದ್ರು, ನಂಗೆ ತಲೇಲಿ ಟಕ್ ಅಂತು. ಹೆಪಟೈಟಿಸ್ ಎ, ಅಂದ್ರೆ ಕೆಟ್ಟ ನೀರಿಂದ ಬರೋ ಕಾಮಾಲೆ ವೈರಸ್, ಮೈಯೊಳಗೆ ಹೋಗಿ ಕಣ್ಣಿಗೆ ಕಾಣೋಕ್ಕೆ 15ರಿಂದ 50 ದಿನ ಬೇಕು, ಸರಾಸರಿ 28. ಕ್ಯಾಲೆಂಡರ್ ಎಳ್ಕೊಂಡು ಹಿಂದಕ್ಕೆ ಎಣಿಸಿದೆ. ಇಬ್ಬರದ್ದೂ ಸೀದಾ ಆ ಮದುವೆ ವಾರಕ್ಕೆ ಹೋಗಿ ನಿಲ್ತು.

ಫೋನ್ ಹಿಡ್ದೆ. ಮದುಮಗಳ ಚಿಕ್ಕಮ್ಮ ಬೆಂಗಳೂರಲ್ಲಿ, ಹಳದಿ. ಮೈಸೂರಲ್ಲಿ ಗಂಡಿನ ಫ್ರೆಂಡ್ಸ್ ಮೂವರು, ಹಳದಿ. ಸೋಮವಾರಪೇಟೇಲಿ ಒಬ್ರು, ಮಂಗಳೂರಲ್ಲಿ ಇಬ್ರು. ಒಂದು ವಾರದಲ್ಲಿ ನನ್ನ ನೋಟ್‌ಬುಕ್ಕಲ್ಲಿ ಹತ್ತೊಂಬತ್ತು ಹೆಸರು. ಮಜಾ ಏನು ಗೊತ್ತಾ, ಒಬ್ಬೊಬ್ಬ ಡಾಕ್ಟ್ರ ಟೇಬಲ್ ಮೇಲೂ ಅದು ಒಂದೇ ಒಂದು ಕೇಸು. ಬೆಂಗಳೂರಿನ ಡಾಕ್ಟ್ರಿಗೆ ಅದು ಬಿಡಿ ಕೇಸು, ಮಂಗಳೂರಿನ ಡಾಕ್ಟ್ರಿಗೂ ಬಿಡಿ ಕೇಸು, ಎಲ್ಲಾ ಜೋಡಿಸಿ ನೋಡಿದ್ರೆ ಒಂದೇ ಟ್ಯಾಂಕರ್, ಇಲ್ಲಾ ಒಂದೇ ಐಸ್ ಗಡ್ಡೆ. (ನಾವು ಸ್ಯಾಂಪಲ್ ತೆಗೆಯೋಕ್ಕೆ ಹೋಗೋ ಹೊತ್ತಿಗೆ ತಿಂಗಳ ಮೇಲಾಗಿತ್ತು. ಐಸ್ ಕರಗಿತ್ತು. ಅದಕ್ಕೇ ನಾನು ಅನುಮಾನ ಅಂತಾನೇ ಬರೆದಿದ್ದು, ಈಗಲೂ ಅಷ್ಟೇ ಅಂತೀನಿ.)

ಗ್ರಾಫ್ ಹಾಳೇಲಿ, ಕಾಯಿಲೆ ಶುರುವಾದ ದಿನದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಚೌಕ ತುಂಬ್ತಾ ಹೋದೆ. ಒಂದೇ ಮೂಲದಿಂದ ಒಂದೇ ಹೊತ್ತಲ್ಲಿ ಬಂದ ರೋಗದ ಆಕಾರ ಹಾಗೇ ಇರತ್ತೆ, ದಡಕ್ಕನೆ ಏರಿ ಒಂದೇ ಗುಡ್ಡ ಆಗಿ ಇಳಿಯತ್ತೆ. ಲಂಡನ್ನಲ್ಲಿ 1854ರಲ್ಲಿ ಜಾನ್ ಸ್ನೋ ಅನ್ನೋ ಡಾಕ್ಟ್ರು ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತ ಕಾಲರಾ ಸಾವು ಗುರುತು ಹಾಕಿದ್ದು ಇಂಥದ್ದೇ ಕತೆ. ನನ್ನ ಗುಡ್ಡ ಇಳಿದು ಒಂದು ತಿಂಗಳಿಗೆ ಪಕ್ಕದಲ್ಲೇ ಇನ್ನೊಂದು ಸಣ್ಣ ದಿಬ್ಬ ಎದ್ದಿತು. ಮದುವೆಗೆ ಹೋಗದೇ ಇದ್ದವರು, ಹೋದವರ ಮನೆಯವರು. ಅದು ಜನರಿಂದ ಜನರಿಗೆ ದಾಟಿದ್ದು, ಅದರ ಆಕಾರ ಬೇರೆ, ಅಲೆ ಅಲೆ. ಯಾರಾದ್ರೂ ನನ್ನ "ಗುಡ್ಡ ಎಷ್ಟು, ಒಂದಾ ಎರಡಾ" ಅಂತ ಕೇಳಿದ್ರೆ ಕೂರಿಸಿ ಕಾಫಿ ಕೊಡ್ತಿದ್ದೆ. ಮದುವೆ ಮನೆಯ ಹಿರಿಯರು ಫೋನ್ ಮಾಡಿ ಕೇಳಿದ್ದು ಮಾತ್ರ, "ಸಿಸ್ಟರೇ, ಎಪಿಡೆಮಿಕ್ ಅಂತ ಬರೀಲೇಬೇಕಾ?"

ಜ್ಯೂಸ್ ಹಂಚಿದ ಹುಡುಗರು ಪಕ್ಕದ ತೋಟದ ಲೈನ್‌ಮನೆಯವರು, ಅಂದ್ರೆ ತೋಟದ ಕೆಲಸದವರ ಸಾಲುಮನೆಯವರು. ಅವರಿಂದ ಬಂತು ಅಂತ ಗುಸುಗುಸು ಶುರುವಾಗಿ ಮೇಲಿಂದ ಜೀಪ್ ಬಂತು, ನಾವು ಲೈನಿಗೆ ಹೋದ್ವಿ. ಹುಡುಗರು ಗುಂಡುಕಲ್ಲಿನ ಹಾಗಿದ್ರು. ಜ್ಯೂಸ್ ಅವರೂ ಕುಡಿದಿದ್ರು, ಒಬ್ಬನ ಕಣ್ಣೂ ಹಳದಿ ಆಗಿಲ್ಲ. ಕಾರಣ ನೋಡಿ: ಹೆಪಟೈಟಿಸ್ ಎ ಸಣ್ಣ ಮಕ್ಕಳಿಗೆ ಬಂದ್ರೆ ಸಾಮಾನ್ಯವಾಗಿ ಗೊತ್ತೇ ಆಗಲ್ಲ, ಕಾಮಾಲೆ ಕಾಣಲ್ಲ, ಆಮೇಲೆ ಜೀವನಪೂರ್ತಿ ರಕ್ಷಣೆ. ನೀರು ಕೆಟ್ಟಿರೋ ಜಾಗದಲ್ಲಿ ಹೆಚ್ಚಿನವರಿಗೆ ಹತ್ತು ವರ್ಷದೊಳಗೇ ಬಂದು ಹೋಗಿರತ್ತೆ. ಫಿಲ್ಟರ್ ನೀರು ಕುಡಿದು ಬೆಳೆದ ಬೆಂಗಳೂರಿನ ಚಿಕ್ಕಮ್ಮ ನಲವತ್ತನೇ ವಯಸ್ಸಲ್ಲಿ ಮೊದಲ ಸಲ ಕೆಟ್ಟ ನೀರು ಕುಡಿದು ಕಾಯಿಲೆ ಬಿದ್ದು ಮಲಗ್ತಾರೆ. ಮಾಮೂಲಿ ರೋಗ ಲೈನಿನಲ್ಲಿತ್ತು, ಸುದ್ದಿ ಆದ ರೋಗ ಹಾಲ್‌ನಲ್ಲಿತ್ತು. ನನ್ನ ರಿಜಿಸ್ಟರಲ್ಲಿ ಆ ಲೈನಿನ ಮುಂದೆ ವರ್ಷಾನುಗಟ್ಟಲೆ ಕಾಮಾಲೆ ನಿಲ್, ನಿಲ್, ನಿಲ್.

ಹಿಂದಿನ ಕಾಲದ ಮಲೇರಿಯಾ ಲೆಕ್ಕನೂ ಹೀಗೇ ಇತ್ತು, ಟ್ರೇನಿಂಗಲ್ಲಿ ಹೇಳ್ಕೊಟ್ಟಿದ್ರು. 2ರಿಂದ 9 ವರ್ಷದ ಮಕ್ಕಳ ಹೊಟ್ಟೆ ಮುಟ್ಟಿ ನೋಡ್ತಿದ್ರಂತೆ, ಜ್ವರಗಡ್ಡೆ, ಅಂದ್ರೆ ಊದಿದ ಗುಲ್ಮ, ಎಷ್ಟು ಮಕ್ಕಳಿಗಿದೆ ಅಂತ. ನೂರಕ್ಕೆ 10ರೊಳಗಿದ್ರೆ ಹೈಪೋ ಎಂಡೆಮಿಕ್, 50ರವರೆಗೆ ಮೀಸೋ, ಅದರ ಮೇಲೆ ಹೈಪರ್, 75 ದಾಟಿದ್ರೆ ಹೋಲೋ, ಅಂದ್ರೆ ಮಾಮೂಲಿ ಎಷ್ಟು ಅನ್ನೋದಕ್ಕೆ ನಾಲ್ಕು ಮೆಟ್ಟಿಲು. ನಮ್ಮಜ್ಜಿ ಕಾಲದ ಕೊಡಗಲ್ಲಿ ಚಳಿಜ್ವರ ಇಲ್ಲದ ಮನೆ ಇರ್ಲಿಲ್ಲ, ಅಜ್ಜಿ ಅದನ್ನ ರೋಗ ಅಂತಾನೇ ಹೇಳ್ತಿರ್ಲಿಲ್ಲ, "ಜ್ವರದ ತಿಂಗಳು" ಅಂತಿದ್ರು, ಕಕ್ಕಡ ತಿಂಗಳು ಅಂದ ಹಾಗೆ.

ಲೈನಿಗೆ ಹೋದ ದಿನ ಒಬ್ಳು ಹೆಂಗಸು, ಸೊಂಟದ ಮೇಲೆ ಮಗು, ಜೀಪಿನ ಹತ್ರ ಬಂದು ನಿಂತ್ಳು. "ಸಿಸ್ಟರಮ್ಮ, ಮಳೆ ಬಿದ್ರೆ ನಮ್ಮ ಮಕ್ಕಳಿಗೆಲ್ಲಾ ಭೇದಿ, ಪ್ರತಿ ವರ್ಷ. ಆವಾಗ ಜೀಪು ಬರಲಿಲ್ಲ. ಈಗ ನಮಗೇನೂ ಆಗಿಲ್ಲ, ಈಗ ಯಾಕೆ ಬಂದಿದ್ದು?" ಇಷ್ಟು ವರ್ಷದ ಸರ್ವಿಸಲ್ಲಿ ಇದನ್ನ ಕೇಳಿದ್ದು ಅವಳೊಬ್ಳೇ. ಪ್ರತಿ ವರ್ಷ ಬರೋದು ಎಂಡೆಮಿಕ್ ಕಣಮ್ಮ, ಅದಕ್ಕೆ ಜೀಪ್ ಬರಲ್ಲ ಅಂತ ಹೇಳೋಕ್ಕಾಗತ್ತಾ? ಓಆರ್‌ಎಸ್ ಪ್ಯಾಕೆಟ್ ಕೊಟ್ಟೆ. ಬಾವಿ ನೋಡಿದೆ, ಹತ್ತು ಹೆಜ್ಜೆ ಮೇಲೆ ಕಕ್ಕಸು ಗುಂಡಿ, ಇಳಿಜಾರು ಬಾವಿ ಕಡೆಗೇ. ತೋಟದ ಲೆಕ್ಕ ಬರೆಯೋ ರೈಟರ್ ನನ್ನ ಮುಖ ನೋಡ್ದ, ನಾನು ರೈಟರ್ ಮುಖ ನೋಡ್ದೆ. ಕ್ಲೋರಿನ್ ಹಾಕಿಸಿ ಬಂದೆ. ಗುಂಡಿ ಅಲ್ಲೇ ಇತ್ತು.

ಅಲ್ಲಿಂದ ವಾರಕ್ಕೊಂದು ಸಲ ಆ ಲೈನಿಗೂ ಹೋಗೋಕ್ಕೆ ಶುರು ಮಾಡ್ದೆ. ಮೊದಲು ಹೋಗ್ತಿರ್ಲಿಲ್ವಾ ಅಂತ ಕೇಳ್ಬೇಡಿ. ದಾರಿ ಕೆಟ್ಟದು, ಜಿಗಣೆ, ಆನೆ, ಎಲ್ಲಾ ನಿಜ. ಮನೆ ಬಾಗಿಲಿಗೆ ಹೋಗದೆ ರೈಟರ್ ಕೇಳಿ ಬರ್ಕೊಂಡಿದ್ದೂ ನಿಜ. ಯಾವ ಕಾಯಿಲೆ ಎಷ್ಟು ಜನಕ್ಕೆ ಅಂತ ವಾರ ವಾರ ಮೇಲಕ್ಕೆ ಕಳಿಸೋ ಎಸ್ ಫಾರಂನಲ್ಲಿ ಭೇದಿ ಕಾಲಂ ಎರಡು, ಮೂರು ಇದ್ದಿದ್ದು ಆ ಜುಲೈನಲ್ಲಿ ಹದಿನಾಲ್ಕಾಯ್ತು. ಸೋಮವಾರ ಮಧ್ಯಾಹ್ನ ಮಡಿಕೇರಿಯ ಜಿಲ್ಲಾ ಆಫೀಸಿಂದ ಫೋನು.

"ಏನು ಸಿಸ್ಟರ್, ಒಂದೇ ಸಲ ಇಷ್ಟು ಜಾಸ್ತಿ ಆಗಿದೆ, ಎಪಿಡೆಮಿಕ್ಕಾ?"

"ಇಲ್ಲ ಸಾರ್. ಈ ಸಲ ಲೈನಿಗೂ ಹೋಗಿದ್ದೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಫಾರಂ ಕೆಳಗೆ ನಿಮ್ಮ ಸಹಿ ಬಿಟ್ಟೋಗಿದೆ, ಇನ್ನೊಂದು ಕಳಿಸಿ ಅಂದ್ರು.